ಅವಳು ಏನಂದಳು?

ಪರದೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತು ಮೈಕಿನ ಬಾಯಿಗೆ ಕರವಸ್ತ್ರ ಸುತ್ತುತ್ತಿದ್ದವಳು ಕುರ್ಚಿ ಸಾಲಿನ ಕಡೆ ನೋಡಿ ಕೈ ನಿಲ್ಲಿಸಿದಳು. ಮೂರನೆಯ ಕುರ್ಚಿಯಲ್ಲಿ ಕೂತ ಮುದುಕಿಯ ಎಡ ಭುಜ ಬಲಕ್ಕಿಂತ ಇಳಿದಿತ್ತು. ಆ ಇಳಿಜಾರು ಕಾಣದಂತೆ ಒಳಗೆ ಎರಡು ಪದರ ಬಟ್ಟೆಯಿಟ್ಟು ರವಿಕೆ ಹೊಲಿದುಕೊಡುತ್ತಿದ್ದವಳು ತಾನೇ. ಈಗಿನ ದರ್ಜಿಗೆ ಅದು ಗೊತ್ತಿಲ್ಲ. ಮುದುಕಿಯ ಪಕ್ಕದಲ್ಲಿ ಅವಳ ತಮ್ಮ ಕಾಲಮೇಲೆ ಕಾಲು ಹಾಕಿಕೊಂಡು ಕೂತಿದ್ದ.

"ಅಕ್ಕಾ, ಕೊನೇಲಿ ಚೆನ್ನಾಗಿ ಅಳಿಸು," ಎಂದ ಟೆಂಟ್ ಸಿನಿಮಾದ ಯಜಮಾನ. "ಅತ್ತವರೇ ನೋಡು, ನಾಳೆ ಮನೆಮಂದೀನೆಲ್ಲ ಕಟ್ಕೊಂಡು ಬರೋದು."

"ಅಳಿಸ್ತೀನಿ ಬಿಡಣ್ಣ."

ಇದು ಅವಳ ಊರೆಂದು ಅವನಿಗೆ ಗೊತ್ತಿರಲಿಲ್ಲ. ಹರಿದ ಟೆಂಟಿಗೆ ತೇಪೆ ಹಾಕುವ ಕೆಲಸಕ್ಕೆಂದು ಸೇರಿದವಳು ಅವಳು. ಪರಭಾಷೆಯ ಸಿನಿಮಾಗಳಿಗೆ ಮೈಕಿನಲ್ಲಿ ಕಥೆ ಹೇಳುತ್ತಿದ್ದ ಮುದುಕನ ಗಂಟಲು ಕೆಟ್ಟಾಗ ಆ ಕೆಲಸವೂ ಇವಳ ಪಾಲಿಗೆ ಬಂತು. ಅಂದಿನಿಂದ ಎಲ್ಲರಿಗೂ ಮೈಕಮ್ಮ. ಕತ್ತಲಲ್ಲಿ ಅವಳ ದನಿ ಮಾತ್ರ ಕೇಳುತ್ತದೆ, ಮುಖ ಯಾರೂ ನೋಡುವುದಿಲ್ಲ.

ಮೂರನೆಯ ಕುರ್ಚಿಯ ಮುದುಕಿ ಈ ಊರಿನ ಹಿಟ್ಟಿನ ಗಿರಣಿಯ ಒಡತಿ, ಗಿರಣಿಯಮ್ಮ. ಅವಳ ಗಿರಣಿಯಲ್ಲಿ ಮೈಕಮ್ಮನ ಗಂಡ ಮೂಟೆ ಹೊರುತ್ತಿದ್ದ. ಗೋಧಿ ಮೂಟೆಗಳು ಕಾಣೆಯಾದವು. ಗಿರಣಿಯಮ್ಮ ಅವನನ್ನು ಪೊಲೀಸರಿಗೆ ಹಿಡಿದುಕೊಟ್ಟಳು. ಜೈಲಿನಲ್ಲಿ ಕೆಮ್ಮಿ ಕೆಮ್ಮಿಯೇ ಸತ್ತ. ಕದ್ದವನು ಗಿರಣಿಯಮ್ಮನ ತಮ್ಮ ಎಂಬುದು ಆಮೇಲೆ, ಕುಡಿದಾಗ ಅವನ ಬಾಯಿಂದಲೇ ಹೊರಬಿತ್ತಂತೆ. ಬೇರೊಂದು ಊರಿನಲ್ಲಿ ಸಿನಿಮಾಕ್ಕೆ ಬಂದ ಗಾಡಿಯವನೊಬ್ಬ ಹೇಳಿದ್ದ. ಗಿರಣಿಯಮ್ಮನಿಗೆ ಇದು ಅವತ್ತೇ ಗೊತ್ತಿತ್ತೇ? ಅದೊಂದು ಮಾತ್ರ ಮೈಕಮ್ಮನಿಗೆ ತಿಳಿಯದೆ ಉಳಿದಿತ್ತು. ಎಷ್ಟೋ ವರ್ಷಗಳಿಂದ ಅದು ಉಗುರಿನ ಸಂದಿಗೆ ಹೊಕ್ಕ ಸೂಜಿಮೊನೆಯಂತೆ ಅವಳೊಳಗಿತ್ತು.

ದೀಪ ಆರಿತು. ಪರದೆಯ ಮೇಲೆ ಮರಳುಗಾಡು, ಕುದುರೆಗಳು, ಧೂಳು. ದೊಡ್ಡ ಟೋಪಿಯ ಹೆಂಗಸರು ಒಬ್ಬಳನ್ನು ದಬ್ಬಿಕೊಂಡು ಬಂದು ಊರಾಚೆ ಹೋಗುವ ಗಾಡಿಗೆ ಹತ್ತಿಸುತ್ತಿದ್ದರು. ಗಾಡಿಯಲ್ಲಿ ಆಗಲೇ ಒಬ್ಬ ಕುಡುಕ ವೈದ್ಯನೂ ಜೈಲಿನಿಂದ ತಪ್ಪಿಸಿಕೊಂಡವನೊಬ್ಬನೂ ಇದ್ದರು. ಯಾವ ಊರಿಗೂ ಬೇಡವಾದವರು. "ನಿನ್ನಂಥವಳು ನಮ್ಮೂರಲ್ಲಿ ಇರಬಾರದು" ಎಂದು ಈ ದೃಶ್ಯಕ್ಕೆ ಹೇಳುವುದು ಅವಳ ವಾಡಿಕೆ.

"ಕಳ್ಳನ ಅನ್ನ ತಿಂದ ಕೈ ಅದು," ಎಂದಳು ಮೈಕಮ್ಮ. "ಆ ಕೈ ಹೊಲಿದ ಬಟ್ಟೆ ನಮ್ಮ ಮಕ್ಕಳ ಮೈ ಮುಟ್ಟಬಾರದು. ತೆಗೀರಿ ಹೊಲಿಗೆ ಮಿಷನ್ನು, ಬೀದಿಗೆ ಇಡ್ರಿ!"

ನೆಲದ ಮೇಲೆ ಕೂತಿದ್ದವನೊಬ್ಬ ಕೂಗಿದ: "ಮಿಷನ್ ಎಲ್ಲಮ್ಮಾ? ನಮಗೆ ಕಾಣಿಸ್ತಾನೇ ಇಲ್ಲ!"

"ಪೆಟ್ಟಿಗೇಲಿದೆ. ಬಾಯಿ ಮುಚ್ಕೊಂಡು ನೋಡಪ್ಪ."

ಜನ ನಕ್ಕರು. ಕುರ್ಚಿಯ ಕಡೆ ಮಾತ್ರ ಯಾರೂ ನಗಲಿಲ್ಲ. ಅಂದು ಮೈಕಮ್ಮನ ಹೊಲಿಗೆ ಮಿಷನ್ನು ಬೀದಿಗೆ ಬಿದ್ದಾಗ ನಿಂತು ನೋಡಿದ್ದವರು ಅಲ್ಲಿ ಇನ್ನೂ ಹಲವರಿದ್ದರು. ಗುಸುಗುಸು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹರಿಯಿತು.

ಗಾಡಿ ನಡೆಯಿತು. ಅದೇ ಗಾಡಿಯಲ್ಲಿದ್ದ ದೊಡ್ಡ ಮನೆಯ ಹೆಂಗಸಿಗೆ ಜ್ವರ ಏರಿತು. ಅವಳನ್ನು ಮಡಿಲಲ್ಲಿ ಮಲಗಿಸಿಕೊಂಡು ತುಟಿಗೆ ನೀರು ಹನಿಸಿದವಳು ಊರಿನಿಂದ ಹೊರಹಾಕಿಸಿಕೊಂಡವಳೇ. ಜ್ವರದ ಹೆಂಗಸು ಏನೋ ಕನವರಿಸಿದಳು. ಮೈಕಮ್ಮ ದನಿ ತಗ್ಗಿಸಿದಳು.

"ಕದ್ದವನು ನನ್ನ ತಮ್ಮ ಕಣೇ. ಅವತ್ತೇ ಗೊತ್ತಿತ್ತು ನನಗೆ. ಗೊತ್ತಿದ್ದೂ ನಿನ್ನ ಗಂಡನ್ನ ಹಿಡಿದುಕೊಟ್ಟೆ."

ಕುರ್ಚಿಯೊಂದು ಉರುಳಿತು. ತಮ್ಮ ಎದ್ದು, ಜನರ ಕಾಲು ತುಳಿಯುತ್ತ ಹೊರಟ. "ಬಾ ಅಕ್ಕ, ಏಳು. ಯಾರೋ ಹುಚ್ಚಿ," ಎಂದ. ಅಕ್ಕ ಏಳಲಿಲ್ಲ. ಪರದೆಯ ಬೆಳಕಿನಲ್ಲಿ ಆ ಇಳಿಭುಜ ಇನ್ನಷ್ಟು ಇಳಿದಂತೆ ಕಂಡಿತು. ಮೈಕಮ್ಮನಿಗೆ ಉತ್ತರ ಸಿಕ್ಕಿತು.

ಯಜಮಾನ ಬಗ್ಗಿಕೊಂಡು ಓಡಿಬಂದ. "ಏನಕ್ಕಾ ಇದು? ಯಾವ ಕಥೆ ಹೇಳ್ತಿದ್ದೀಯ ನೀನು?"

ಅವಳು ಮೈಕನ್ನು ಅಂಗೈಯಿಂದ ಮುಚ್ಚಿದಳು. "ಇದೇ ಕಥೆ ಅಣ್ಣ. ಇಷ್ಟು ದಿನ ತಪ್ಪು ಹೇಳ್ತಿದ್ದೆ."

"ನನ್ನ ಟೆಂಟಿಗೆ ಬೆಂಕಿ ಇಡಿಸ್ತೀಯ! ಕೊನೇದಾದ್ರೂ ಸರಿಯಾಗಿ ಹೇಳು ಮಾರಾಯ್ತಿ."

ಕೊನೆಯ ದೃಶ್ಯ ಬಂತು. ಗಾಡಿ ನಿಂತಿತು. ಜ್ವರ ಇಳಿದ ಹೆಂಗಸು ಕೆಳಗೆ ನಿಂತವಳ ಕಡೆ ಎರಡೂ ಕೈ ಚಾಚಿದಳು. ಕೆಳಗಿನವಳ ಬಾಯಲ್ಲಿ ಮೈಕಮ್ಮ ಯಾವಾಗಲೂ ಇಡುತ್ತಿದ್ದ ಮಾತು: "ಹೋಗಲಿ ಬಿಡಿ ತಾಯಿ, ಹಳೇದೆಲ್ಲ ಮರೆತೆ." ಪ್ರತಿ ಊರಿನಲ್ಲೂ ಈ ಮಾತಿಗೇ ಹೆಂಗಸರು ಬಿಕ್ಕುತ್ತಿದ್ದರು. ಎಷ್ಟು ಸಲ ಹೇಳಿದ್ದಳೋ, ನಿದ್ದೆಯಲ್ಲೂ ಬಾಯಿಗೆ ಬರುತ್ತಿತ್ತು.

ಮೈಕಮ್ಮ ಮೈಕಿನ ಗುಂಡಿ ಒತ್ತಿ ಆರಿಸಿದಳು.

ಪರದೆಯ ಮೇಲೆ ಕೆಳಗೆ ನಿಂತವಳ ತುಟಿಗಳಾಡಿದವು. ಅರ್ಥವಾಗದ ಎರಡು ಮಾತು ಕೇಳಿಸಿ, ಸಂಗೀತ ಮೇಲೆದ್ದಿತು.

"ಏನಂದ್ಲು?" ಎಂದರು ನೆಲದವರು. "ಏನಂದ್ಲಮ್ಮಾ, ಕ್ಷಮಿಸಿದ್ಲಾ ಇಲ್ವಾ? ಹೇಳಮ್ಮಾ!"

ಅವಳು ವೈರನ್ನು ಮೊಣಕೈಗೂ ಅಂಗೈಗೂ ಸುತ್ತತೊಡಗಿದಳು.

ಗದ್ದಲ ತಣ್ಣಗಾದ ಮೇಲೆ ಕುರ್ಚಿಯ ಕಡೆಯಿಂದ ಒಂದೇ ಒಂದು ದನಿ ಬಂತು. ಮುದಿ ದನಿ, ಆದರೆ ಗುರುತು ಸಿಗುವಂಥದ್ದು.

"ದರ್ಜಿಯವ್ವಾ... ಅವಳು ಏನಂದ್ಲು ಹೇಳೇ."

ದೀಪ ಹತ್ತಿತು. ಜನ ಒಬ್ಬರ ಮುಖ ಒಬ್ಬರು ನೋಡದೆ ಹೊರಗೆ ಸರಿದರು. ಮೂರನೆಯ ಕುರ್ಚಿ ಮಾತ್ರ ಖಾಲಿಯಾಗಲಿಲ್ಲ. ಮೈಕಮ್ಮ ಅದಕ್ಕೆ ಬೆನ್ನು ಹಾಕಿ, ಕೊರಳಪಟ್ಟಿಯಲ್ಲಿ ಚುಚ್ಚಿಕೊಂಡಿದ್ದ ದಪ್ಪ ಸೂಜಿ ತೆಗೆದು, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಪೋಣಿಸಿದಳು. ಪರದೆಯ ಅಂಚಿನಲ್ಲಿ ಒಂದು ಗೇಣು ಹೊಲಿಗೆ ಬಿಚ್ಚಿತ್ತು. ಅಲ್ಲಿಂದ ಶುರುಮಾಡಿದಳು.