ನೆಗೆಣ್ಣಿಯ ಹಾಲು

ಕೂಸಿನ ಕಟವಾಯಿಯಲ್ಲಿ ಹಾಲು, ಇನ್ನೂ ಒಣಗಿಲ್ಲ, ಹಾವೇರಿಯಿಂದ ಈಗಷ್ಟೇ ಬ್ಯಾಡಗಿಯ ಮನೆ ಮುಟ್ಟಿದ ಸುರೇಖಾ ತೊಟ್ಟಿಲ ಮೇಲೆ ಬಗ್ಗಿದವಳು ಬಗ್ಗಿದಂತೆಯೇ ನಿಂತಳು — ಬಾಟಲಿಯನ್ನು ಮಗಳು ಬಾಯಿಗೇ ತಗೊಳ್ಳುವುದಿಲ್ಲ, ನಾನಿಲ್ಲದೆ ಇದಕ್ಕೆ ನಡೆಯದು ಎಂಬ ಗುಟ್ಟಿನ ಹೆಮ್ಮೆ, ಮತ್ತೆ ಇದು ಯಾರ ಹಾಲು — ಅತ್ತೆ ಫಕ್ಕೀರವ್ವ ಜೋಳ ಹಸನು ಮಾಡುತ್ತಲೇ, ಭಾಳ ಅಳಾಕತ್ತಿತ್ತು ಯವ್ವಾ, ನೀ ಗಾಡಿ ತಪ್ಪಿಸಿಕೊಂಡಿ, ಸ್ನೇಹಾ ತನ್ನ ಹಾಲು ಕುಡಿಸಿದ್ಳು, ಗಪ್ಪಂತ ಮಲಗೇತಿ ನೋಡು, ಅಂದಳು. ಕುಡಿಸಿದ್ಳು. ನೀರು ಕುಡಿಸಿದಷ್ಟು ಸಲೀಸಾಗಿ. ನೆಗೆಣ್ಣಿ ಸ್ನೇಹಾ, ಗಂಡನ ಅಣ್ಣನ ಹೆಂಡತಿ, ತನ್ನ ಮಗ ಚೇತನನಿಗೆ ಕುಡಿಸಿಯೂ ಉಳಿಯುವಷ್ಟು ಹಾಲಿದ್ದ ಸ್ನೇಹಾ, ಯಾವ ತೋಳಿನ ಮೇಲೆ ಮಲಗಿಸಿಕೊಂಡಿದ್ದಳು, ವಾಸನೆ ಬೇರೆಯೆಂದು ಕೂಸು ಒಂದು ಗಳಿಗೆಯಾದರೂ ತಡೆಯಲಿಲ್ಲವೇ. ಬೆಳಿಗ್ಗೆ ಹಾವೇರಿಯಲ್ಲಿ ಬರೆದ ಪರೀಕ್ಷೆಯಲ್ಲಿ ಅದೇ ಪ್ರಶ್ನೆ, ಶಿಶು ಮತ್ತು ಪೋಷಕರ ಬಾಂಧವ್ಯ, ಒಂದೊಂದು ಸಮಾಜದಲ್ಲಿ ಒಂದೊಂದು ರೀತಿ, ಎಷ್ಟೋ ಕಡೆ ಕೂಸು ಹಲವು ತೊಡೆಗಳ ಮೇಲೆ ಬೆಳೆಯುತ್ತದೆ, ಆ ನಂಟೇನೂ ಸಡಿಲಲ್ಲ ಎಂದು ದುಂಡಗೆ ಬರೆದಿದ್ದಳು, ಆಗ ಕಣ್ಣ ಮುಂದಿದ್ದದ್ದು ಯಾವುದೋ ದೂರದ ಕಾಡಿನ ಜನ, ಬರೆಯುವಾಗಲೇ ರವಿಕೆ ಒದ್ದೆ, ಸೆರಗು ಎಳೆದುಕೊಂಡಳು, ತನ್ನ ಹಾಲು ಅಲ್ಲಿ ಬಟ್ಟೆಗೆ ಹರಿಯುವಾಗ ಇಲ್ಲಿ — ಬೇಡ. ಎದೆ ಕಲ್ಲಾಗಿದೆ, ಎಬ್ಬಿಸಿದಳು, ಹಚ್ಚಿಕೊಂಡಳು, ಹೊಟ್ಟೆ ತುಂಬಿದ ಕೂಸು ಮುಖ ಹೊರಳಿಸಿತು.

ಹೊರಳಿಸಿತು, ಗುರುತಿಲ್ಲದವರಿಂದ ಹೊರಳಿಸುವಂತೆ. ಮತ್ತೆ ತೊಟ್ಟಿಲಿಗೆ ಹಾಕುವಷ್ಟರಲ್ಲಿ ಅಡುಗೆಮನೆಯಲ್ಲಿ ಚೇತನನ ಅಳು, ಎಷ್ಟಿದ್ದರೂ ಇವತ್ತು ಅವನ ಪಾಲು ಕಡಿಮೆಯಾಗಿದೆ, ಸ್ನೇಹಾಳ ಕೈತುಂಬ ಹಿಟ್ಟು, ಅತ್ತೆಯೇ ಎತ್ತಿ ತಂದು ಸುರೇಖಾಳ ತೊಡೆಗೆ ಹಾಕಿದಳು, ಎದಿ ಬಿಗದೈತೆಲ್ಲ, ಇವಂಗ ಕುಡಸು, ಇಬ್ರಿಗೂ ಆರಾಮ ಆಗತೈತಿ. ಕುಡಿಯಲಿ, ಸ್ನೇಹಾಳೂ ನೋಡಲಿ, ಹೊಟ್ಟೆಯೊಳಗೆ ಹೇಗೆ ಉರಿಯುತ್ತದೆಂದು ಅವಳಿಗೂ ತಿಳಿಯಲಿ — ಹುಡುಗ ಗಟಗಟ ಕುಡಿದ, ಎದೆಯ ಕಲ್ಲು ಕರಗಿತು, ಹಾಯೆನಿಸಿತು, ಆ ಹಾಯಿಗೇ ಸಿಟ್ಟು ಬಂತು, ಎಂದೂ ದನಿಯೆತ್ತದವಳು ಬೇಕೆಂದೇ ಗಟ್ಟಿಯಾಗಿ ಹೇಳಿದಳು, ಅಕ್ಕಾರ, ಚೇತನ ನನ್ನ ಕಡೆ ಕುಡಿಯಾಕತ್ತಾನ್ರಿ. ಎದುರಿನ ಬಾಗಿಲಾಚೆ, ಒಲೆಯ ಮುಂದೆ, ಸ್ನೇಹಾಳ ಬೆನ್ನು. ಕುಡೀಲಿ ಬಿಡವಾ, ಅಂದಿತು ಬೆನ್ನು. ರೊಟ್ಟಿ ಬಡಿಯುವ ಸಪ್ಪಳ ಒಂದು ಏಟೂ ತಪ್ಪಲಿಲ್ಲ. ತಿರುಗಲಿ, ಮುಖ ಚೂರು ಕಪ್ಪಿಡಲಿ, ಅದೂ ಬೇಡ, ಸುಮ್ಮನೆ ನೋಡುವುದಕ್ಕಾದರೂ ಒಂದು ಸಲ — ಬೆನ್ನು, ಬೆವರಿಗೆ ಅಂಟಿದ ರವಿಕೆ, ಬಡಿಯುವ ಕೈ, ಬೆನ್ನು.