ಏಕೈಕ ಸಂತಾನ

ಗ್ರಂಥಪಾಲಕಿಗೆ ಊಟದ ವಿರಾಮದಲ್ಲಿ ಸಂಬಳವಿಲ್ಲದ ಇನ್ನೊಂದು ಕೆಲಸವಿತ್ತು: ಆನ್‌ಲೈನ್ ವಿಶ್ವಕೋಶದ ಪುಟಗಳನ್ನು ತಿದ್ದುವುದು. ಅವಳು ಕಣ್ಣಿಟ್ಟಿದ್ದ ಪುಟಗಳಲ್ಲಿ ಒಂದು ಹೆಸರಾಂತ ಪತ್ತೇದಾರಿ ಕಾದಂಬರಿಕಾರನದು. ವಯಸ್ಸು ಅರವತ್ತೆರಡು, ಬರೆದ ಕಾದಂಬರಿ ನಲವತ್ತು, ಪ್ರತಿಯೊಂದರಲ್ಲೂ ಕಡಿಮೆಯೆಂದರೆ ಎರಡು ಹೆಣ.

ಆ ಪುಟದಲ್ಲಿ ‘ತಂದೆತಾಯಿಗೆ ಏಕೈಕ ಸಂತಾನ’ ಎಂಬ ಸಾಲಿತ್ತು. ಆಧಾರ, ಅವನದೇ ಪುಸ್ತಕದ ಹಿಂಬದಿಯ ಪರಿಚಯ. ಯಾರೋ ಹೆಸರು ಹೇಳದವರು ಆ ಸಾಲನ್ನು ಅಳಿಸುತ್ತಿದ್ದರು. ಇವಳು ಮರಳಿ ಹಾಕುತ್ತಿದ್ದಳು. ಹನ್ನೊಂದನೇ ಸಲ ತಾಳ್ಮೆ ಕೆಟ್ಟಿತು. ಪುಟಕ್ಕೆ ಬೀಗ ಹಾಕಿ, ಚರ್ಚೆಯ ಜಾಗದಲ್ಲಿ ‘ಕಾರಣ ಕೊಡದೆ ಅಳಿಸಬೇಡಿ’ ಎಂದು ಬರೆದಳು. ತಾನು ಯಾವ ಗ್ರಂಥಾಲಯದವಳೆಂದೂ ಸೇರಿಸಿದಳು.

ಅರ್ಧ ಗಂಟೆಯಲ್ಲಿ ಉತ್ತರ ಬಂತು: ‘ನಾನು ಅವನ ಅಕ್ಕ. ಇನ್ನೂ ಬದುಕಿದ್ದೇನೆ.’

ಬುಧವಾರ ಅಕ್ಕ ಖುದ್ದಾಗಿ ಬಂದರು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಿಂದ ನಿವೃತ್ತರಾದವರು. ಕೌಂಟರಿನ ಮೇಲೆ ಶಾಲೆಯ ಸರ್ಟಿಫಿಕೇಟನ್ನೂ ಒಂದು ಫೋಟೋವನ್ನೂ ಇಟ್ಟರು. ಫೋಟೋದಲ್ಲಿ ಅಪ್ಪ, ಸೈಕಲ್ಲು, ಮುಂದೊಂದು ಮಗು, ಹಿಂದೊಂದು ಮಗು.

“ಇಷ್ಟು ಸಾಕಾ?”

“ನನಗೆ ಸಾಕು. ವಿಶ್ವಕೋಶಕ್ಕೆ ಸಾಲಲ್ಲ, ಅಚ್ಚಾಗಿರೋದೇ ಬೇಕು. ಬದುಕಿರೋರ ವಿಷಯ ನೋಡಿ, ಸುಳ್ಳು ಸೇರಬಾರದು ಅಂತ ನಿಯಮ.”

“ಸೇರಿರೋ ಸುಳ್ಳನ್ನ ತೆಗೀರಿ ಅಂತ ತಾನೇ ನಾನು ಬಡ್ಕೊಳ್ತಿರೋದು?”

ಗ್ರಂಥಪಾಲಕಿ ಕೌಂಟರಿನ ಬಾಗಿಲು ತೆಗೆದಳು. ಒಳಗೆ ಕೂರಿಸಿ, ನಡೆದದ್ದೇನೆಂದು ಕೇಳಿದಳು. ಅಕ್ಕ ದನಿ ಏರಿಸದೆ ಹೇಳಿದರು. ಅವರ ಗಂಡ ಮೆಟ್ಟಿಲಿನಿಂದ ಬಿದ್ದು ತೀರಿಕೊಂಡರು. ಮರುವರ್ಷ ತಮ್ಮನ ಮೂರನೇ ಕಾದಂಬರಿ ಬಂತು. ಅದರಲ್ಲಿ ಎಕ್ಸ್‌ರೇ ತೆಗೆಯುವ ಹೆಂಗಸೊಬ್ಬಳು ಗಂಡನನ್ನು ಮೆಟ್ಟಿಲಿನಿಂದ ತಳ್ಳುತ್ತಾಳೆ.

“ಆಸ್ಪತ್ರೇಲಿ ನನ್ನ ಕಂಡ್ರೆ ಮಾತು ನಿಲ್ಲೋದು. ನಾನು ಅವನ ಹತ್ರ ಮಾತು ಬಿಟ್ಟೆ. ಬಿಟ್ಟಿದ್ದು ನಾನೇ, ಇಲ್ಲ ಅನ್ನಲ್ಲ. ಅಷ್ಟಕ್ಕೇ ಹುಟ್ಟೇ ಇಲ್ಲ ಅಂತ ಬರೆಸಿಬಿಡೋದಾ?”

ಇನ್ನು ಪ್ರತಿ ಬುಧವಾರ ಹತ್ತೂವರೆಗೆ ಬಂದು ವಿಚಾರಿಸುತ್ತೇನೆಂದು ಹೇಳಿ ಅವರು ಹೋದ ಮೇಲೆ ಗ್ರಂಥಪಾಲಕಿ ನೆಲಮಾಳಿಗೆಗೆ ಇಳಿದಳು. ಹಳೆಯ ಪ್ರತಿಗಳ ಕಪಾಟಿನಲ್ಲಿ ಅವನ ಮೊದಲ ಕಾದಂಬರಿಯ ಮೊದಲ ಮುದ್ರಣ ಸಿಕ್ಕಿತು. ಮೂರನೇ ಪುಟದಲ್ಲಿ ಹೀಗಿತ್ತು: ‘ನನ್ನ ಮೊದಲ ಓದುಗಾರ್ತಿಯಾದ ಅಕ್ಕನಿಗೆ.’ ಮುಂದಿನ ಯಾವ ಮುದ್ರಣದಲ್ಲೂ ಆ ಪುಟವಿರಲಿಲ್ಲ. ಅವಳು ‘ಏಕೈಕ ಸಂತಾನ’ವನ್ನು ತೆಗೆದು, ‘ಮೊದಲ ಕಾದಂಬರಿಯನ್ನು ತಮ್ಮ ಅಕ್ಕನಿಗೆ ಅರ್ಪಿಸಿದ್ದಾರೆ’ ಎಂದು ಬರೆದಳು. ಇಸವಿ, ಪುಟಸಂಖ್ಯೆ ಎರಡನ್ನೂ ಕೊಟ್ಟಳು.

ನಾಲ್ಕು ದಿನದ ಮೇಲೆ ಗ್ರಂಥಾಲಯಕ್ಕೆ ಫೋನು ಬಂತು. ಕಾದಂಬರಿಕಾರನೇ.

“ಅದು ನನ್ನ ಜೀವನ ಕಣಮ್ಮ.”

“ಪುಸ್ತಕಾನೂ ನಿಮ್ದೇ ಸರ್.”

“ಅಕ್ಕ ಇದಾಳೆ ಅಂದ್ರೆ, ಆ ಕಥೆಯ ಹೆಂಗಸು ಅವಳೇನಾ ಅಂತ ಜನ ಮತ್ತೆ ಕೆದಕ್ತಾರೆ. ಅದಕ್ಕೇ ಅವಳನ್ನ ತೆಗೆದೆ.”

“ಅವರನ್ನ ಒಂದು ಮಾತು ಕೇಳಿದ್ರಾ?”

“ಯಾವ ಮುಖ ಇಟ್ಕೊಂಡು ಕೇಳಲಿ?” ಆಮೇಲೆ ಅವನೇ ಕೇಳಿದ: “ಹೇಗಿದಾಳೆ?”

“ಅದಕ್ಕೆ ನನ್ನ ಹತ್ರ ಆಧಾರ ಇಲ್ಲ ಸರ್. ಬುಧವಾರ ಹತ್ತೂವರೆಗೆ ಇಲ್ಲಿ ಇರ್ತಾರೆ.”

ಆ ಬುಧವಾರ ಅವನು ಬರಲಿಲ್ಲ. ಫೋನಿನ ಸುದ್ದಿ ಕೇಳಿ ಅಕ್ಕ, “ನನ್ನ ಕಾಪಾಡೋಕಂತಾ? ಅರ್ಧ ನಿಜ ಇರಬಹುದು,” ಎಂದರು. ಪರದೆಯ ಮೇಲಿನ ಸಾಲನ್ನು ಎರಡು ಸಲ ಓದಿದರು. ಹೆಸರು ಸೇರಿಸಲೇ ಎಂದು ಗ್ರಂಥಪಾಲಕಿ ಕೇಳಿದ್ದಕ್ಕೆ ಬೇಡವೆಂದರು.

ಮುಂದಿನ ಬುಧವಾರ ಅವನು ಬಂದ. ಪತ್ರಿಕೆಗಳ ಮೇಜಿಗೆ ಅಕ್ಕನ ಎದುರು ಕೂತ. ಇಬ್ಬರೂ ಒಂದೊಂದು ಪೇಪರು ಹಿಡಿದಿದ್ದರು. ಇಪ್ಪತ್ತು ನಿಮಿಷ ಯಾರೂ ಪುಟ ಮಗುಚಲಿಲ್ಲ.

ಕಡೆಗೆ ಅಕ್ಕ ಮೇಜಿನ ಕೆಳಗೆ ಬಗ್ಗಿ ನೋಡಿದರು. “ಕಾಲು ಯಾಕೋ ಹಿಂಗೆ ಊದಿದೆ?”

“ಆರು ತಿಂಗಳಾಯ್ತು.”

“ಎಕ್ಸ್‌ರೇ ತೆಗೆಸಿದೀಯಾ?”

“ಇಲ್ಲ.”

ಅಕ್ಕ ಪೇಪರು ಮಡಿಸಿಟ್ಟು ಚೀಲ ತೆಗೆದುಕೊಂಡರು. “ಏಳು.”