ಇನ್ಸ್‌ಪೆಕ್ಟರ್ ಆಡದ ಮಾತು

ನಮ್ಮ ಕಾರ್ಟೂನ್ ಧಾರಾವಾಹಿಯ ಬರಹಗಾರರ ಕೋಣೆಯಲ್ಲಿ ಒಂದೇ ಒಂದು ಕಟ್ಟುನಿಟ್ಟಿನ ನಿಯಮ. ಯಾವುದನ್ನು ಅಣಕಿಸುತ್ತೇವೋ ಅದರ ಮೂಲವನ್ನು ತಿರುಗಿ ನೋಡುವಂತಿಲ್ಲ. ಹಳೆಯ ಸಿನಿಮಾ ಇರಲಿ, ಸೋಪಿನ ಜಾಹೀರಾತಿರಲಿ, ತಲೆಯಲ್ಲಿ ಉಳಿದಷ್ಟರಿಂದಲೇ ಬರೆಯಬೇಕು. ನೋಡುವವರೂ ನೆನಪಿನಿಂದಲೇ ನಗುವುದು, ಪರೀಕ್ಷೆಗೆ ಓದಿಕೊಂಡು ಬಂದು ಯಾರೂ ನಗುವುದಿಲ್ಲ ಎಂಬುದು ನಿರ್ದೇಶಕಿಯ ವಾದ. ಆಕೆಯನ್ನು ಎಲ್ಲರೂ ಅಕ್ಕ ಎನ್ನುತ್ತಾರೆ. ನನ್ನನ್ನು ಅತ್ತಿಗೆ ಎನ್ನುತ್ತಾರೆ. ನನ್ನ ಗಂಡ ಆ ಕೋಣೆಗೆಲ್ಲ ಅಣ್ಣನಾಗಿದ್ದ. ಅವನು ಹೋದ ಮೇಲೆ ಅವನ ಕುರ್ಚಿಯಲ್ಲಿ ನಾನು ಕೂತೆ.

ಬೇರೆಯವರ ಜೋಕುಗಳನ್ನು ತಿದ್ದಿ ಒಪ್ಪ ಮಾಡುವುದು ಇಲ್ಲಿಯ ತನಕ ನನ್ನ ಕೆಲಸವಾಗಿತ್ತು. ಈ ಕಂತು ಪೂರ್ತಿ ನನ್ನದು. ಇದು ನೆಲ ಕಚ್ಚಿದರೆ ಮತ್ತೆ ತಿದ್ದುವುದೇ ಗತಿ ಎಂದು ಅಕ್ಕ ಮೊದಲೇ ಹೇಳಿದ್ದಳು, ಸಿಟ್ಟಿನಿಂದಲ್ಲ.

ಕತೆ ಇಷ್ಟು. ಕಾರ್ಟೂನಿನ ಮನೆಯಲ್ಲಿ ಅಜ್ಜಿಯ ಕನ್ನಡಕ ಕಳುವಾಗುತ್ತದೆ. ಪತ್ತೆ ಮಾಡಲು ಇನ್ಸ್‌ಪೆಕ್ಟರ್ ಬರುತ್ತಾನೆ. ಹಿಂದೆ ಜನ ಕೈಯಲ್ಲಿದ್ದ ಕೆಲಸ ಬಿಟ್ಟು ನೋಡುತ್ತಿದ್ದ ಒಂದು ಪತ್ತೇದಾರಿ ಧಾರಾವಾಹಿಯ ನಾಯಕನ ಅಣಕು ಅವನು. ಎಲ್ಲರ ಹೇಳಿಕೆ ಕೇಳಿಸಿಕೊಂಡು, ಕೊನೆಗೆ ಒಬ್ಬನ ಕಡೆ ತಿರುಗಿ ತನ್ನ ಪ್ರಸಿದ್ಧ ಮಾತು ಆಡುತ್ತಾನೆ: "ಅದೆಲ್ಲ ಸರಿ, ನಿನ್ನ ಕೊಡೆ ಯಾಕೆ ಒಣಗಿದೆ?"

ಈ ಮಾತು ಗೊತ್ತಿಲ್ಲದವರಿಲ್ಲ. ತಡವಾಗಿ ಬಂದ ಗಂಡನಿಗೆ ಹೆಂಡತಿ ಹೇಳುತ್ತಾಳೆ. ಹೊಟ್ಟೆನೋವೆಂದು ರಜೆ ಹಾಕಿ ಬಂದವನಿಗೆ ಮೇಲಧಿಕಾರಿ ಹೇಳುತ್ತಾನೆ. ನಮ್ಮ ಕಾರ್ಟೂನ್ ಶುರುವಾದ ಹೊಸದರಲ್ಲಿ ನನ್ನ ಗಂಡ ಒಂದು ಕಂತಿಗೆ ಈ ಇನ್ಸ್‌ಪೆಕ್ಟರನನ್ನು ತಂದಿದ್ದ. ಆಗ ಬೇರೆ ಯಾರೋ ಧ್ವನಿ ಕೊಟ್ಟಿದ್ದರು. ಈ ಸಲ ಮೂಲ ನಟರೇ ತಮ್ಮ ಅಣಕಿಗೆ ತಾವೇ ಧ್ವನಿ ಕೊಡಲು ಒಪ್ಪಿದ್ದರು.

ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದರು. ತೆಗೆದಿಟ್ಟಿದ್ದ ಮೆತ್ತನೆಯ ಕುರ್ಚಿ ಬೇಡವೆಂದು ಮೈಕಿನ ಮುಂದೆ ನಿಂತರು. ಮೊದಲ ಪುಟದಲ್ಲೇ ರೆಕಾರ್ಡಿಂಗ್ ನೋಡಿಕೊಳ್ಳುವ ಶಬ್ದದವನು ತನ್ನ ಗುಂಡಿಗಳನ್ನು ಮರೆತು ಬಾಯಿ ಬಿಟ್ಟುಕೊಂಡು ಕೂತ. ದನಿ ಹಾಗಿತ್ತು. ಕೊಡೆಯ ಮಾತು ಬಂದಾಗ ಅವರು ನಿಲ್ಲಿಸಿ ಹಾಳೆಯನ್ನು ಮಡಚಿದರು.

"ಇದು ನನ್ನ ಮಾತಲ್ಲ."

ತಮಾಷೆ ಎಂದುಕೊಂಡು ಎಲ್ಲರೂ ನಕ್ಕೆವು. ಅವರು ನಗಲಿಲ್ಲ.

"ನಾನು ಯಾವತ್ತೂ ಇದನ್ನ ಹೇಳಿಲ್ಲಮ್ಮ. ನಮ್ಮ ಧಾರಾವಾಹೀಲಿ ಮಳೇನೇ ಬಂದಿಲ್ಲ. ಗೋಡೆಗಳೆಲ್ಲ ರಟ್ಟು. ಒಂದು ಚೊಂಬು ನೀರು ಬಿದ್ದಿದ್ರೂ ಠಾಣೆಗೆ ಠಾಣೆನೇ ಕರಗಿ ಹೋಗ್ತಿತ್ತು. ಇನ್ನು ಕೊಡೆ ಎಲ್ಲಿಂದ ಬರುತ್ತೆ?"

ಆಮೇಲೆ ಒಂದೊಂದಾಗಿ ಹೇಳಿಕೊಂಡರು. ಹಲ್ಲಿನ ಡಾಕ್ಟರು ಅವರ ಬಾಯಿ ತೆರೆಸಿ ಕೂರಿಸಿ, ಉತ್ತರ ಕೊಡಲಾಗದ ಹೊತ್ತು ನೋಡಿ ಕೊಡೆಯ ಬಗ್ಗೆ ಕೇಳಿದ್ದನಂತೆ. ನಾಟಕದಲ್ಲಿ ಕುರುಡು ರಾಜನಾಗಿ ಮಗನ ಹೆಣದ ಮುಂದೆ ಅತ್ತು ಒಳಗೆ ಬಂದರೆ, ಅಲ್ಲಿ ಸಾಲುಗಟ್ಟಿ ನಿಂತವರು ಕಣ್ಣೊರೆಸಿಕೊಳ್ಳುತ್ತಲೇ ಅದೊಂದು ಮಾತು ಹೇಳಿ ಎನ್ನುತ್ತಿದ್ದರಂತೆ. ಮಾಡಿದ ಪಾತ್ರಗಳನ್ನೆಲ್ಲ ಆಡದ ಮಾತೊಂದು ನುಂಗಿಬಿಟ್ಟಿತ್ತು. ಅದು ಬಿಟ್ಟು ಬೇರೇನು ಬೇಕಾದರೂ ಹೇಳುತ್ತೇನೆ, ಇದೊಂದು ಮಾತ್ರ ಸಾಧ್ಯವಿಲ್ಲ ಎಂದರು.

ಆ ಮಾತಿಲ್ಲದೆ ನನ್ನ ಕಂತಿಗೆ ಬೆನ್ನೆಲುಬೇ ಇರಲಿಲ್ಲ. ಅಕ್ಕ ಮೊದಲ ಬಾರಿಗೆ ತನ್ನ ನಿಯಮ ಮುರಿದು, ಮೂಲವನ್ನು ಹುಡುಕು ಎಂದು ಚಿತ್ರಗಾರನಿಗೆ ಹೇಳಿದಳು. ಅವನು ಫೋನಿನಲ್ಲಿ ಎಷ್ಟು ತಡಕಾಡಿದರೂ ಆ ಮಾತಿರುವ ತುಣುಕುಗಳೆಲ್ಲ ಒಂದೇ ಕಡೆಯವು. ಎಲ್ಲವೂ ನಮ್ಮ ಕಾರ್ಟೂನಿನವು. ನನ್ನ ಗಂಡನ ಆ ಹಳೆಯ ಕಂತಿನವು. ನಾವು ನಮ್ಮದನ್ನೇ ಅಣಕಿಸಲು ಹೊರಟಿದ್ದೆವು.

"ಬರೆದವರು ಯಾರು? ಕರೀರಿ ಅವರನ್ನ. ಸ್ವಲ್ಪ ವಿಚಾರಿಸ್ಕೋಬೇಕು," ಎಂದರು ನಟರು.

ಎಲ್ಲರೂ ನನ್ನ ಕಡೆ ತಿರುಗಿದರು.

"ನಮ್ಮನೆಯವರು ಸರ್," ಎಂದೆ. "ಈಗಿಲ್ಲ."

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಜನ ಇಂಥ ಹೊತ್ತಿನಲ್ಲಿ ಹೇಳುವುದನ್ನು ಅವರು ಹೇಳಲಿಲ್ಲ. ಅದೊಂದು ಉಪಕಾರ. ನಿಮ್ಮನೆಯವರಿಗೆ ಇದು ಹೊಳೆದದ್ದಾದರೂ ಹೇಗೆ ಎಂದಷ್ಟೇ ಕೇಳಿದರು.

ನನಗೆ ಅದು ಅಲ್ಲಿಯೇ, ಆಗಲೇ ಗೊತ್ತಾದದ್ದು. ವಿಶ್ವವಿದ್ಯಾಲಯದಿಂದ ಒಂದು ಸಂಜೆ ಮಳೆಯಲ್ಲಿ ನೆನೆದು ತೊಪ್ಪೆಯಾಗಿ ಮನೆಗೆ ಬಂದಿದ್ದೆ. ಬಸ್ಸು ನಿಲ್ಲಿಸಲಿಲ್ಲ, ಗ್ರಂಥಾಲಯದ ಗೇಟು ಹಾಕಿತ್ತು ಎಂದು ಉದ್ದಕ್ಕೆ ದೂರುತ್ತಿದ್ದೆ. ಅವನು ಎಲ್ಲ ಕೇಳಿಸಿಕೊಂಡು, ನನ್ನ ಚೀಲದಿಂದ ಮಡಿಸಿದ ಕೊಡೆಯನ್ನು ಎರಡು ಬೆರಳಲ್ಲಿ ಎತ್ತಿ, ಯಾವುದೋ ಇನ್ಸ್‌ಪೆಕ್ಟರನಂತೆ ದಪ್ಪ ದನಿಯಲ್ಲಿ ಆ ಮಾತು ಹೇಳಿದ್ದ. ಕೊಡೆ ಇದ್ದದ್ದೇ ನನಗೆ ಮರೆತಿತ್ತು. ನಾನು ಬೆಳೆದದ್ದು ಟೀವಿ ಇಲ್ಲದ ಮನೆಯಲ್ಲಿ. ಧಾರಾವಾಹಿಯ ಮಾತಿರಬೇಕು ಎಂದುಕೊಂಡೆ. ಇಷ್ಟು ಕಾಲವೂ ಹಾಗೇ ಅಂದುಕೊಂಡಿದ್ದೆ.

ಅಷ್ಟನ್ನೂ ಅಳದೆ ಹೇಳಿ ಮುಗಿಸಿದೆ.

"ಅಂದ್ರೆ ನಿನ್ನ ಪೆದ್ದುತನಕ್ಕೆ ಇಷ್ಟು ವರ್ಷ ನಾನು ದಂಡ ಕಟ್ಟಿದೀನಿ," ಎಂದರು ಅವರು.

"ಹೌದು ಸರ್."

ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು, ಇನ್ಸ್‌ಪೆಕ್ಟರ್ ಬೇಡ, ಕನ್ನಡಕ ಸೋಫಾದ ಕೆಳಗೇ ಸಿಗಲಿ, ಉಳಿದದ್ದನ್ನು ಬೇರೆಯವರು ಬರೆಯುತ್ತಾರೆ ಎಂದಳು. ಊಟದ ಹೊತ್ತು ಮುಗಿಯುವ ತನಕ ಬಿಡಕ್ಕ ಎಂದೆ. ಮೆಟ್ಟಿಲ ಮೇಲೆ ಕೂತು ಬರೆದೆ. ಊಟ ಮಾಡಲಿಲ್ಲ, ಹಸಿವೂ ಆಗಲಿಲ್ಲ. ಅವನು ಹೋದಂದಿನಿಂದ ನನಗೆ ಅನ್ನವೇ ಸೇರುತ್ತಿರಲಿಲ್ಲ, ಆದರೆ ಇದು ಹಾಗಲ್ಲ, ಬರೆಯುವ ಭರ.

ಹೊಸ ದೃಶ್ಯದಲ್ಲಿ ಇನ್ಸ್‌ಪೆಕ್ಟರ್ ಕಳ್ಳತನ ಪತ್ತೆ ಮಾಡಲು ಬರುವುದಿಲ್ಲ. ದೂರು ಕೊಡಲು ಬರುತ್ತಾನೆ. ಆಡದ ಮಾತನ್ನು ನನ್ನ ಬಾಯಿಗೆ ತುರುಕಿದ್ದಾರೆ ಎನ್ನುತ್ತಾನೆ. ಮನೆಯವರೆಲ್ಲ ನಾವು ಕಿವಿಯಾರೆ ಕೇಳಿದ್ದೇವೆ ಎಂದು ಆಣೆ ಮಾಡುತ್ತಾರೆ. ಹಾಲಿನವನು ಸಾಕ್ಷಿ ಹೇಳುತ್ತಾನೆ. ಇನ್ಸ್‌ಪೆಕ್ಟರ್ ರೇಗಿ, ಬೇಡಿ, ಕೊನೆಗೆ ಕುರುಡು ರಾಜನ ಗೋಳನ್ನು ಪೂರ್ತಿ ಹಾಡಿ ತೋರಿಸುತ್ತಾನೆ. ಇಡೀ ಮನೆ ಅಳುತ್ತದೆ. ಅಜ್ಜಿ ಮೂಗು ಒರೆಸಿಕೊಂಡು ಹೇಳುತ್ತಾಳೆ: "ಅದೆಲ್ಲ ಸರಿ, ನಿನ್ನ ಕೊಡೆ ಯಾಕೆ ಒಣಗಿದೆ?"

ಅವರು ಹಾಳೆಗಳನ್ನು ನಿಂತೇ ಓದಿದರು. ಕುರುಡು ರಾಜನ ಭಾಗವನ್ನು ಎರಡು ಸಲ ಓದಿದರು.

"ಗೋಳು ಪೂರ್ತಿ ಇರುತ್ತಾ? ಕತ್ತರಿ ಹಾಕಲ್ವಲ್ಲ?"

"ಪೂರ್ತಿ ಇರುತ್ತೆ ಸರ್."

"ಹಾಗಾದ್ರೆ ನಡಿ."

ಅಜ್ಜಿಗೆ ದನಿ ಕೊಡುವಾಕೆ ಅವತ್ತು ಬಂದಿರಲಿಲ್ಲ. ನಟರಿಗೆ ಎದುರು ಮಾತು ಕೊಡಲು ಕತೆ ಬರೆದವರೇ ನಿಲ್ಲುವುದು ನಮ್ಮಲ್ಲಿ ರೂಢಿ. ನಾನು ಇನ್ನೊಂದು ಮೈಕಿನ ಮುಂದೆ ನಿಂತೆ. ಅವರು ರೇಗಿದರು, ಬೇಡಿದರು. ರಾಜನಾಗಿ ಅತ್ತಾಗ ಗಾಜಿನ ಆಚೆ ಅಕ್ಕ ಬೆನ್ನು ತಿರುಗಿಸಿ ನಿಂತಳು. ನಾನು ಅಜ್ಜಿಯ ಮಾತು ಹೇಳಿದೆ. ದನಿ ನಡುಗಲಿಲ್ಲ.

ಅವರು "ನಾನು ಹೇಳಿಲ್ಲ" ಎಂದು ಚೀರಬೇಕಿತ್ತು. ಚೀರಲಿಲ್ಲ. ಇಲ್ಲದ ಕೊಡೆಯನ್ನು ಮೆಲ್ಲಗೆ ಎತ್ತಿ, ಅದರ ಬಟ್ಟೆಯನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿ, ಸಿಕ್ಕಿಬಿದ್ದ ಕಳ್ಳನ ಮುಖ ಮಾಡಿ ನನ್ನತ್ತ ನೋಡಿದರು. ಬರೀ ದನಿ ಹಿಡಿಯುವ ಕೋಣೆಯಲ್ಲಿ ಒಂದು ಸದ್ದೂ ಇಲ್ಲದ ಅಭಿನಯ. ನನಗೆ ನಗು ಬಂತು. ತಡೆಯಲು ಕೈ ಅಡ್ಡ ಹಿಡಿದೆ, ಅದು ಮೂಗಿನಿಂದ ಹೊರಟಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟೆ.

ಅತ್ತಿಗೆಯ ನಗು ಪೂರ್ತಿ ಒಳಗೆ ಹೋಗಿದೆ, ಇನ್ನೊಮ್ಮೆ ತೆಗೆಯೋಣ ಎಂದ ಶಬ್ದದವನು. ಬೇಡ, ಇರಲಿ ಎಂದಳು ಅಕ್ಕ. ನಮ್ಮಲ್ಲಿ ದನಿ ಮೊದಲು, ಚಿತ್ರ ಆಮೇಲೆ. ಯಾರದೋ ನಗು ಇದ್ದ ಮೇಲೆ ನಗುವವರನ್ನು ಚಿತ್ರಿಸಲೇಬೇಕು. ಚಿತ್ರಗಾರ ಪೆನ್ಸಿಲ್ ಹಿಡಿದು ಬಂದ.

"ಕಿಟಕಿ ಆಚೆ ಒಬ್ಬ ಪಕ್ಕದ್ಮನೆಯವಳನ್ನ ನಿಲ್ಲಿಸ್ತೀನಿ ಅತ್ತಿಗೆ. ಹೇಗಿರ್ಬೇಕು ಅವಳು?"

ನನಗೆ ಇನ್ನೂ ಉಸಿರು ಸರಿಯಾಗಿರಲಿಲ್ಲ.

"ದಪ್ಪಗಿರ್ಲಿ," ಎಂದೆ. "ಕೈಯಲ್ಲಿ ತಿನ್ನೋಕೆ ಏನಾದ್ರೂ ಕೊಡು."